ಗುಮ್ ಎನ್ನುವ ರೂಮಿಗೆ ಎಷ್ಟು ಇಂಚಿನ ಅಕೌಸ್ಟಿಕ್ ಪ್ಯಾನೆಲ್ ಹಾಕಬೇಕು?

ದನಿಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಮನೆಯ ಒಂದು ರೂಮಿನಲ್ಲಿ ಕಥೆ ಓದಿ ಆಡಿಯೊ ಪುಸ್ತಕಗಳಿಗೆ ರೆಕಾರ್ಡ್ ಮಾಡುತ್ತೇನೆ. ರೂಮು 12 ಅಡಿ ಉದ್ದ, 10 ಅಡಿ ಅಗಲ, ಎತ್ತರವೂ 10 ಅಡಿ. ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್. ಮೊದಲು ಚಪ್ಪಾಳೆ ತಟ್ಟಿದರೆ ಗೋಡೆಯಿಂದ ಗೋಡೆಗೆ ಟರ್ರ್ ಎಂದು ಸದ್ದು ಓಡಾಡುತ್ತಿತ್ತು. ಅಂಗಡಿಯವರು ಹೇಳಿದಂತೆ 1 ಇಂಚಿನ ಪಿರಮಿಡ್ ಫೋಮ್ ತಂದು ಎರಡು ಗೋಡೆ ತುಂಬ ಅಂಟಿಸಿದೆ. ಟರ್ರ್ ನಿಂತಿತು. ಆದರೆ ದನಿ ಮಂಕಾಗಿದೆ. ‘ಸ’, ‘ಶ’ಗಳಲ್ಲಿ ಜೀವವಿಲ್ಲ. ‘ಭೂಮಿ’, ‘ದೂರು’ ತರಹದ ಪದ ಬಂದರೆ ಮಾತ್ರ ರೂಮೆಲ್ಲ ಗುಮ್ ಎನ್ನುತ್ತದೆ. ನನ್ನದು ದಪ್ಪ ಗಂಡು ದನಿ.
ಅದರ ಮೇಲೆ ಇನ್ನೊಂದು ಪದರ ಫೋಮ್ ಅಂಟಿಸಲೇ? 2 ಇಂಚು ಸಾಕಾ, 4 ಇಂಚೇ ಬೇಕಾ? ಸ್ವಂತ ಮನೆ, ಗೋಡೆಗೆ ಮೊಳೆ ಹೊಡೆಯಲು ತೊಂದರೆಯಿಲ್ಲ.

ಹಳೇರೇಡಿಯೊ:
ಇನ್ನೊಂದು ಪದರ ಬೇಡ. ನಿಮ್ಮ ರೂಮಿನಲ್ಲಿ ಫೋಮ್ ಕಡಿಮೆಯಾಗಿಲ್ಲ, ತೆಳುವಾಗಿದೆ. ಎರಡೂ ಬೇರೆ ಬೇರೆ ಸಮಸ್ಯೆ.
ಫೋಮ್ ಆಗಲಿ, ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರಿನ ಹಲಗೆ) ಆಗಲಿ, ತನ್ನೊಳಗೆ ಗಾಳಿ ಓಡಾಡಿದಾಗ ಮಾತ್ರ ಸದ್ದನ್ನು ಹೀರುತ್ತದೆ. ಗಾಳಿ ನಾರುಗಳಿಗೆ ಉಜ್ಜಿಕೊಂಡು ಶಕ್ತಿ ಕಳೆದುಕೊಳ್ಳಬೇಕು. ಆದರೆ ಗೋಡೆಯ ಪಕ್ಕದಲ್ಲೇ ಗಾಳಿ ಅಲುಗುವುದಿಲ್ಲ. ಉಯ್ಯಾಲೆ ತುದಿಗೆ ಹೋದಾಗ ಒಂದು ಕ್ಷಣ ನಿಂತು, ನಡುವೆ ಜೋರಾಗಿ ಹೋಗುತ್ತದಲ್ಲ, ಹಾಗೆಯೇ. ಗೋಡೆಯಿಂದ ಅಲೆಯ ಉದ್ದದ ಕಾಲು ಭಾಗ ದೂರ ಬಂದಾಗ ಗಾಳಿಯ ಓಟ ಅತಿ ಜಾಸ್ತಿ.
ಈಗ ಲೆಕ್ಕ ನೋಡಿ. ಹರ್ಟ್ಜ್ ಎಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎನ್ನುವ ಅಳತೆ, ಅದು ಕಡಿಮೆಯಾದಷ್ಟೂ ದನಿ ಕೆಳಗಿನದು. 1000 ಹರ್ಟ್ಜ್ ಅಲೆ ಸುಮಾರು 34 ಸೆಂಟಿಮೀಟರ್ ಉದ್ದ. ಅದರ ಕಾಲು ಭಾಗ ಎಂದರೆ ಮೂರೂಕಾಲು ಇಂಚು. 1 ಇಂಚಿನ ಫೋಮ್ ಅದನ್ನು ತಕ್ಕಮಟ್ಟಿಗೆ ಹಿಡಿಯುತ್ತದೆ. 100 ಹರ್ಟ್ಜ್ ಅಲೆಯಾದರೆ 3.4 ಮೀಟರ್. ಕಾಲು ಭಾಗವೇ ಎರಡೂಮುಕ್ಕಾಲು ಅಡಿ ದಾಟುತ್ತದೆ. ಅದರ ಮುಂದೆ ನಿಮ್ಮ ಫೋಮ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.
ಓವೆನ್ಸ್ ಕಾರ್ನಿಂಗ್ 703 ಎಂಬ ಗ್ಲಾಸ್‌ವೂಲ್ ಹಲಗೆಯ ಲ್ಯಾಬ್ ಅಂಕಿಗಳನ್ನು ಬಹಳ ಜನ ಅಳತೆಗೋಲಾಗಿ ಬಳಸುತ್ತಾರೆ. ಬಿದ್ದ ಸದ್ದಿನಲ್ಲಿ ಎಷ್ಟು ಪಾಲು ಹೀರುತ್ತದೆ ಎನ್ನುವ ಅಂಕಿ ಅದು, 0 ಎಂದರೆ ಏನೂ ಇಲ್ಲ, 1 ಎಂದರೆ ಪೂರ್ತಿ. ಗೋಡೆಗೆ ಒತ್ತಿ ಹಾಕಿದರೆ 125 ಹರ್ಟ್ಜ್‌ನಲ್ಲಿ 1 ಇಂಚಿಗೆ 0.11, 2 ಇಂಚಿಗೆ 0.17, 4 ಇಂಚಿಗೆ 0.84. ಒಂದರಿಂದ ಎರಡಕ್ಕೆ ಹೋದರೆ ಕೆಳಗಿನ ದನಿಗೆ ಹೆಚ್ಚೇನೂ ಸಿಗಲಿಲ್ಲ ಅಲ್ವಾ? ಅದೇ 1000 ಹರ್ಟ್ಜ್‌ನಲ್ಲಿ 1 ಇಂಚಿಗೇ 0.90 ಇದೆ. ಹಾಗಾಗಿ ತೆಳು ಫೋಮನ್ನು ಗೋಡೆ ತುಂಬ ಹಾಕಿದಷ್ಟೂ ಮೇಲಿನ ದನಿ ಸಾಯುತ್ತದೆ, ಗುಮ್ ಮಾತ್ರ ಉಳಿಯುತ್ತದೆ. ನಿಮಗೆ ಆಗಿರುವುದು ಇದೇ.
ಇನ್ನೊಂದು ಮಾತು. ಅಮೆರಿಕದವರ ವಿಡಿಯೊ ನೋಡಿ 2 ಇಂಚು ಸಾಕು ಎಂದು ತೀರ್ಮಾನಿಸಬೇಡಿ. ಅಲ್ಲಿನ ಬಹುಪಾಲು ಮನೆಗಳಲ್ಲಿ ಗೋಡೆ ಎಂದರೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಬೋರ್ಡ್. ಅದು ತಾನೇ ಅದುರಿ ಸ್ವಲ್ಪ ಬೇಸ್ (ಕೆಳಗಿನ ದನಿ) ತಿನ್ನುತ್ತದೆ, ಸ್ವಲ್ಪವನ್ನು ಆಚೆ ಬಿಡುತ್ತದೆ. ನಮ್ಮ ಇಟ್ಟಿಗೆ ಗೋಡೆ, ಕಾಂಕ್ರೀಟ್ ಚಾವಣಿ ಜಗ್ಗುವುದೇ ಇಲ್ಲ. ಬೇಸ್ ಬಹುಪಾಲು ಒಳಗೇ ತಿರುಗುತ್ತದೆ. ನಮ್ಮ ಮನೆಗಳಿಗೆ ದಪ್ಪ ಪ್ಯಾನೆಲ್ಲೇ ಬೇಕು.
ಕೊಳ್ಳುವ ಮೊದಲು ಒಮ್ಮೆ ಅಳೆಯಿರಿ. ರೂಮ್ ಇಕ್ಯೂ ವಿಝಾರ್ಡ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದು ಸ್ಪೀಕರಿನಿಂದ ಸದ್ದು ಬಿಟ್ಟು, ಮೈಕಿನಲ್ಲಿ ಕೇಳಿ, ಗ್ರಾಫ್ ಬರೆಯುತ್ತದೆ. ಅಳತೆಯ ಮೈಕ್ ಇಲ್ಲದಿದ್ದರೂ ಪರವಾಗಿಲ್ಲ, ಗುಮ್ ಎಲ್ಲಿದೆ ಎಂದು ಹುಡುಕಲು ರೆಕಾರ್ಡಿಂಗ್ ಮೈಕೇ ಸಾಕು. ಮೊಬೈಲ್ ಸ್ಪೀಕರ್ ಮಾತ್ರ ಬೇಡ, ಅದರಲ್ಲಿ ಬೇಸೇ ಬರುವುದಿಲ್ಲ. ಹಾಗೇ ನೀವು ಕೂರುವ ಜಾಗ ಎಲ್ಲಿ ಎಂದೂ ಹೇಳಿ.

ದನಿಪೆಟ್ಟಿಗೆ:
ಅಳೆದೆ. ಗ್ರಾಫಿನಲ್ಲಿ 113 ಹರ್ಟ್ಜ್ ಹತ್ತಿರ ಒಂದು ದೊಡ್ಡ ಗುಡ್ಡ, ಅದರ ಬಾಲವೂ ಉದ್ದ, ಅಂದರೆ ಆ ಸದ್ದು ನಿಲ್ಲಲು ಬಹಳ ಹೊತ್ತು ಹಿಡಿಯುತ್ತದೆ. 47 ಮತ್ತು 56ರಲ್ಲೂ ಉಬ್ಬುಗಳಿವೆ. ನಾನು ಕೂರುವುದು 10 ಅಡಿ ಅಗಲದ ಸರಿಯಾಗಿ ನಡುವೆ, ಎರಡೂ ಪಕ್ಕದ ಗೋಡೆ 5 ಅಡಿ ದೂರ.

ಹಳೇರೇಡಿಯೊ:
ಲೆಕ್ಕ ಸರಿಯಾಗಿ ಕೂತಿತು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಮೀಟರಿನಲ್ಲಿ ರೂಮಿನ ಅಳತೆಯ ಎರಡರಷ್ಟರಿಂದ ಭಾಗಿಸಿ. 12 ಅಡಿಗೆ 47, 10 ಅಡಿಗೆ 56. 56ರ ದುಪ್ಪಟ್ಟು 113. ನಿಮ್ಮ ಅಗಲ, ಎತ್ತರ ಎರಡೂ 10 ಅಡಿ. ಒಂದೇ ಹರ್ಟ್ಜ್‌ನಲ್ಲಿ ಎರಡು ಅಲೆ ಸೇರಿ ಗುಡ್ಡ ಎದ್ದಿದೆ. ಗಂಡು ದನಿಯ ಬುಡವೂ, ಅಂದರೆ ಅದರ ಅತಿ ಕೆಳಗಿನ ಸ್ವರವೂ ಅಲ್ಲೇ ಬರುತ್ತದೆ. ‘ಊ’ ಎಂದಾಗ ಆ ಬುಡವೇ ಎದ್ದು ಕೇಳುವುದು.
ದುಡ್ಡು ಖರ್ಚು ಮಾಡುವ ಮೊದಲು ಮೈಕನ್ನೂ ಕುರ್ಚಿಯನ್ನೂ ಒಂದೂವರೆ ಅಡಿ ಪಕ್ಕಕ್ಕೆ ಸರಿಸಿ, ಒಂದು ಗೋಡೆಯಿಂದ ಮೂರೂವರೆ ಅಡಿಗೆ. 113ರ ಅಲೆಯ ಒತ್ತಡ ಗೋಡೆಯ ಬಳಿ ಮತ್ತು ಸರಿಯಾಗಿ ನಡುವೆ ಅತಿ ಜಾಸ್ತಿ. ನೀವು ಆ ನಡುವೆಯೇ ಕೂತಿದ್ದೀರಿ.
47, 56ರ ಚಿಂತೆ ಬಿಡಿ. ನಿಮ್ಮ ದನಿ ಅಷ್ಟು ಕೆಳಗೆ ಇಳಿಯುವುದಿಲ್ಲ, 75 ಹರ್ಟ್ಜ್‌ಗೆ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಸೆಟ್ಟಿಂಗ್) ಹಾಕಿದರೆ ಆಯಿತು. ಇದೇ ರೂಮಿನಲ್ಲಿ ಬೇಸ್ ಗಿಟಾರ್ ನುಡಿಸಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಯಾವ ದನಿಯವರೆಗೆ ಹಿಡಿಯಬೇಕು ಎನ್ನುವುದರ ಮೇಲೆ ದಪ್ಪ ತೀರ್ಮಾನವಾಗುತ್ತದೆ, ಗೋಡೆಯ ಚದರಡಿಯ ಮೇಲಲ್ಲ.
ನಾನಾದರೆ ಹೀಗೆ ಮಾಡುತ್ತೇನೆ. ಮೂಲೆಗಳಿಗೆ 2 ಅಡಿ ಅಗಲ, 4 ಇಂಚು ದಪ್ಪದ ರಾಕ್‌ವೂಲ್ ಪ್ಯಾನೆಲ್ ಎರಡೂ ಗೋಡೆಗೆ ತಾಗುವಂತೆ ಓರೆಯಾಗಿ ನಿಲ್ಲಿಸುವುದು, ನೆಲದಿಂದ ಆದಷ್ಟು ಮೇಲಿನವರೆಗೆ. ಹಿಂದೆ ತಾನಾಗಿಯೇ 1 ಅಡಿಯಷ್ಟು ಖಾಲಿ ಜಾಗ ಸಿಗುತ್ತದೆ, ಆ ಖಾಲಿಯೂ ದಪ್ಪದ ಕೆಲಸ ಮಾಡುತ್ತದೆ. ನೆಲ ಮತ್ತು ಚಾವಣಿ ನಡುವಿನ ಅಲೆಗೆ ಚಾವಣಿಯಲ್ಲೇ ಮದ್ದು ಬೇಕು. ತಲೆಯ ಮೇಲೆ 4 ಇಂಚಿನ ಒಂದು ಪ್ಯಾನೆಲ್, ಸೀಲಿಂಗಿನಿಂದ 4–6 ಇಂಚು ಬಿಟ್ಟು ನೇತುಹಾಕಿ. ಪಕ್ಕದ ಗೋಡೆಗಳಿಗೆ ಒಂದೊಂದು ಸಾಕು. ಅರ್ಧಕ್ಕಿಂತ ಜಾಸ್ತಿ ಫೋಮ್ ಕಿತ್ತುಬಿಡಿ, ‘ಸ’, ‘ಶ’ಗೆ ಜೀವ ಬರುತ್ತದೆ. ಸಾದಾ ಪಿಯು (ಪಾಲಿಯುರೆಥೇನ್) ಫೋಮ್ ಬೆಂಕಿಗೆ ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಸ್ವಿಚ್‌ಬೋರ್ಡ್ ಸುತ್ತ ಇರುವುದನ್ನು ಇವತ್ತೇ ತೆಗೆಯಿರಿ.

ದನಿಪೆಟ್ಟಿಗೆ:
ಕುರ್ಚಿ ಸರಿಸಿದ್ದಕ್ಕೇ ಗುಮ್ ಗೊತ್ತಾಗುವಷ್ಟು ಇಳಿದಿದೆ! ಎರಡು ಅನುಮಾನ. ಘನ ಮೀಟರಿಗೆ 48 ಕೆಜಿ ತೂಗುವ ರಾಕ್‌ವೂಲ್, 96 ಕೆಜಿ ತೂಗುವ ರಾಕ್‌ವೂಲ್ ಎರಡೂ ಇದೆ ಎನ್ನುತ್ತಾರೆ, ಜಾಸ್ತಿ ಇದ್ದಷ್ಟೂ ಒಳ್ಳೆಯದಾ? ಮತ್ತೆ, ಬೀದಿಯ ಆಟೋ ಸದ್ದೂ ಇದರಿಂದ ನಿಲ್ಲುತ್ತದಾ?

ಬಡಗಿಕೆಲಸ:
ಮೊದಲನೆಯದಕ್ಕೆ ನಾನು ಹೇಳುತ್ತೇನೆ. 4 ಇಂಚಿಗೆ 48 ಸಾಕು ಸರ್. ತೀರಾ ಗಟ್ಟಿಯಾದರೆ ಗಾಳಿ ಒಳಗೆ ಹೋಗುವ ಬದಲು ಮುಖದಿಂದಲೇ ವಾಪಸಾಗುತ್ತದೆ. ದಪ್ಪ ಹೆಚ್ಚಿದಷ್ಟೂ ಹಗುರವಾದದ್ದೇ ಒಳ್ಳೆಯದು. 100 ಎಂಎಂ ಸಿಗದಿದ್ದರೆ 50 ಎಂಎಂ ಸ್ಲ್ಯಾಬ್ ಎರಡು ಜೋಡಿಸಿ, ನಡುವೆ ಪ್ಲಾಸ್ಟಿಕ್ ಕವರ್ ಉಳಿಯಬಾರದು.
ಫ್ರೇಮಿಗೆ ಪೈನ್ ಪಟ್ಟಿ ಸಾಕು. ಹಿಂದೆ ಪ್ಲೈವುಡ್ ಹೊಡೆಯಬೇಡಿ, ಹೊಡೆದರೆ ಹಿಂದಿನ ಖಾಲಿ ಜಾಗ ಉಪಯೋಗಕ್ಕೆ ಬರುವುದಿಲ್ಲ. ಬಟ್ಟೆ ಆರಿಸುವಾಗ ಬಾಯಿಗೆ ಒತ್ತಿ ಹಿಡಿದು ಊದಿ. ಉಸಿರು ಸಲೀಸಾಗಿ ಆಚೆ ಹೋದರೆ ಆ ಬಟ್ಟೆ ಆಗುತ್ತದೆ. ಸೋಫಾಕ್ಕೆ ಹಾಕುವ ರೆಕ್ಸಿನ್ ಆಗುವುದಿಲ್ಲ. ಕತ್ತರಿಸುವಾಗ ಮಾಸ್ಕ್, ಗ್ಲೌಸ್, ತುಂಬು ತೋಳಿನ ಅಂಗಿ ಇರಲಿ, ಇಲ್ಲದಿದ್ದರೆ ಮೈಯೆಲ್ಲ ತುರಿಕೆ. ಮಲೆನಾಡು, ಕರಾವಳಿ ಕಡೆಯವರು ಯಾರಾದರೂ ಓದುತ್ತಿದ್ದರೆ, ತೇವ ಹಿಡಿಯುವ ಗೋಡೆಗೆ ಪ್ಯಾನೆಲ್ ಒತ್ತಿ ಹಾಕಲೇಬೇಡಿ. ಹಿಂದೆ ಗಾಳಿ ಆಡಲಿ.

ಹಳೇರೇಡಿಯೊ:
ಆಟೋ ಸದ್ದು ಇದರಿಂದ ನಿಲ್ಲುವುದಿಲ್ಲ. ಪ್ಯಾನೆಲ್ ಒಳಗಿನ ಮರುಸದ್ದನ್ನು ಹೀರುತ್ತದೆ, ಹೊರಗಿನದನ್ನು ತಡೆಯುವುದಿಲ್ಲ. ನಿಮ್ಮ ಗೋಡೆ ಗಟ್ಟಿಯಾಗಿಯೇ ಇದೆ, ಸದ್ದು ಬರುವುದು ಕಿಟಕಿ ಸಂದಿ ಮತ್ತು ಬಾಗಿಲ ಅಡಿಯಿಂದ. ಅಲ್ಲಿಗೆ ರಬ್ಬರ್ ಸೀಲ್ ಹಾಕಿಸಿ. ಪ್ಯಾನೆಲ್ ಎಲ್ಲವನ್ನೂ ಒಟ್ಟಿಗೆ ಮಾಡಿಸಬೇಡಿ. ಮೊದಲು ಎರಡು ಮೂಲೆ ಮತ್ತು ಚಾವಣಿ ಮುಗಿಸಿ, ಮೈಕ್ ಈಗಿರುವ ಜಾಗದಲ್ಲೇ ಇಟ್ಟು ಇನ್ನೊಮ್ಮೆ ಅಳೆಯಿರಿ. 113ರ ಬಾಲ ಎಷ್ಟು ಕುಗ್ಗಿತು ಎಂದು ಗ್ರಾಫ್ ಹಾಕಿ, ಉಳಿದ ಎರಡು ಮೂಲೆ ಬೇಕಾ ಬೇಡವಾ ಆಮೇಲೆ ನೋಡೋಣ.