ಅಪ್‌ಡೇಟ್: ಸೂಪರ್‌ಮಾರ್ಕೆಟ್‌ನ ಸ್ವಂತ ಬ್ರ್ಯಾಂಡಿನ ದಿನಸಿ ತಂದು ನೋಡಿದೆ

ರಿಯಾಯಿತಿ ಸೂಪರ್‌ಮಾರ್ಕೆಟ್‌ನವರು ತಮ್ಮದೇ ಹೆಸರಿನಲ್ಲಿ ಮಾರುವ ಸಾಮಾನು ಕೊಳ್ಳಬಹುದೇ ಎಂದು ಹೋದ ತಿಂಗಳು ಕೇಳಿದ್ದೆ. ನೀವು ಹೇಳಿದಂತೆ ಒಂದೊಂದನ್ನೇ ತಂದು ನೋಡಿದೆ. ಫಿನೈಲ್, ಪಾತ್ರೆ ಸೋಪು, ಸಕ್ಕರೆ ಚೆನ್ನಾಗಿವೆ. ಇನ್ನು ಅವನ್ನೇ ತರುತ್ತೇನೆ. ಬಟ್ಟೆ ತೊಳೆಯುವ ಪುಡಿ ಮಾತ್ರ ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿ ನೊರೆಯನ್ನೇ ಕೊಡಲಿಲ್ಲ.

ತೊಗರಿಬೇಳೆಗೆ ಮನಸ್ಸು ಒಪ್ಪಲಿಲ್ಲ. ಐದು ಸೀಟಿಯಾದರೂ ಬೇಳೆ ಬಿಡಿಬಿಡಿಯಾಗಿಯೇ ಉಳಿಯಿತು. ಅತ್ತೆಯವರು ರೊಟ್ಟಿಯ ಒಂದು ತುತ್ತಿಗೇ ಬಟ್ಟಲು ಬದಿಗಿಟ್ಟರು. 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ಬೆಳೆ ಎಂಬ ಅಧಿಕೃತ ಮಾನ್ಯತೆ) ಪಡೆದ ತೊಗರಿ ನಮ್ಮ ಕಲಬುರಗಿಯದು. ಇಲ್ಲಿ ಕುಳಿತು ಎಲ್ಲಿಯದೋ ಬೇಳೆ ಬೇಯಿಸುವುದು ನನಗೆ ನೋವಿನ ಸಂಗತಿ. ಪೊಟ್ಟಣದ ಹಿಂದಿನ ವಿಳಾಸ ಓದಿ ಎಂದವರಿಗೆ ಧನ್ಯವಾದ, ಅದು ಬೇರೆ ರಾಜ್ಯದ್ದಾಗಿತ್ತು. ಈಗ ದಾಲ್ ಮಿಲ್‌ನಿಂದಲೇ ತರುತ್ತಿದ್ದೇನೆ. ಕಿಲೋಗೆ ಸ್ವಲ್ಪ ಹೆಚ್ಚು, ಆದರೆ ಮೂರೇ ಸೀಟಿಗೆ ಬೆಣ್ಣೆಯಂತೆ ಬೇಯುತ್ತದೆ.