ಕ್ರೇನ್ ಬಸ್‌ಬಾರ್: ಜಾಯಿಂಟಿನಲ್ಲಿ ಕಿಡಿ, ಮಳೆಗೆ ಟ್ರಿಪ್

ಕುಂಬಳೆ ಶೆಡ್: ಕ್ರೇನಿಗೆ ಕರೆಂಟ್ ಕೊಡುವ 60 ಮೀಟರ್ ಅಲ್ಯೂಮಿನಿಯಂ ಬಸ್‌ಬಾರ್ (ಉದ್ದದ ಪಟ್ಟಿ), 415 ವೋಲ್ಟ್. ಒಂದು ಜಾಯಿಂಟ್ ದಾಟುವಾಗ ಕಲೆಕ್ಟರ್ (ಬಾರಿಗೆ ತಾಗಿ ಜಾರುತ್ತ ಕರೆಂಟ್ ಪಡೆಯುವ ಭಾಗ) ಕಿಡಿ ಹಾರಿಸುತ್ತದೆ. ಆಟಿ ತಿಂಗಳ ಮಳೆಗೆ ಬ್ರೇಕರ್ ಬೀಳುತ್ತದೆ (ಟ್ರಿಪ್ ಆಗುತ್ತದೆ). ಎಲ್ಲಿಂದ ನೋಡುವುದು?

ರನ್‌ವೇ ಫಿಟ್ಟರ್: ಮೊದಲು ಐಸೊಲೇಟರ್ (ಸಪ್ಲೈ ಕಡಿಯುವ ಸ್ವಿಚ್) ಆಫ್ ಮಾಡಿ ಬೀಗ ಹಾಕಿ; ಕೀಲಿ ಮೇಲೆ ಹತ್ತುವವರ ಜೇಬಿನಲ್ಲೇ ಇರಲಿ. ಎರಡು ಕಡೆಯಿಂದ ಸಪ್ಲೈ ಇದ್ದರೆ ಎರಡಕ್ಕೂ ಬೀಗ. ಟೆಸ್ಟರ್ ಸ್ಕ್ರೂಡ್ರೈವರ್ ನಂಬಬೇಡಿ ಮಾರಾಯ್ರೆ. ಮಲ್ಟಿಮೀಟರಿನಲ್ಲಿ ಫೇಸ್-ಫೇಸ್, ಫೇಸ್-ಅರ್ತ್ ಎಲ್ಲ ನೋಡಿ. ಮೀಟರನ್ನೇ ಮೊದಲೂ ಆಮೇಲೂ ಲೈವ್ ಪಾಯಿಂಟಿನಲ್ಲಿ ಪರೀಕ್ಷಿಸಿ.

ಜಾಯಿಂಟಿನ ಮೇಲೆ ಉಗುರು ಎಳೆಯಿರಿ. ತಡೆದರೆ ಅಲ್ಲಿ ಮೆಟ್ಟಿಲಿದೆ. ಬೋಲ್ಟ್ ಸಡಿಲಿಸಿ ಸಮ ಕೂರಿಸಿ, ಅರ ಹಾಕುವುದು ಕೊನೆಗೆ. ಬಾರನ್ನು ತೂಗಿ ಹಿಡಿಯುವ ಹ್ಯಾಂಗರುಗಳನ್ನೆಲ್ಲ ಬಿಗಿದುಬಿಟ್ಟಿದ್ದಾರಾ ನೋಡಿ, ಅದು ತಪ್ಪು. ಬಾರ್ ಒಂದೇ ಆಂಕರಿನಲ್ಲಿ ಹಿಡಿದಿರಬೇಕು, ಉಳಿದಲ್ಲಿ ಜಾರಬೇಕು. 30 ಡಿಗ್ರಿ ಬಿಸಿ ಏರಿದರೆ 60 ಮೀಟರ್ ಅಲ್ಯೂಮಿನಿಯಂ ಸುಮಾರು 41 ಮಿ.ಮೀ. ಹಿಗ್ಗುತ್ತದೆ. ಜಾಗ ಸಿಗದಿದ್ದರೆ ಬಾಗುತ್ತದೆ.

ಮೆಗ್ಗರ್ ಮಂಜೇಶ್ವರ: ಟ್ರಿಪ್‌ಗೆ ಕಲೆಕ್ಟರ್ ಸವೆದು ಉದುರುವ ಕಾರ್ಬನ್ ಧೂಳಿನ ಮೇಲೆ ನನ್ನ ಸಂಶಯ. ಅದಕ್ಕೆ ಕಡಲಗಾಳಿಯ ಉಪ್ಪು, ತೇವ ಸೇರಿದರೆ ಇನ್ಸುಲೇಟರಿನ ಮೇಲೆ ಕರೆಂಟಿಗೆ ದಾರಿ. ಒಣಬಟ್ಟೆಯಲ್ಲಿ ಒರೆಸಿ, ನೀರು, ಗ್ರೀಸ್ ಬೇಡ. ಆಮೇಲೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ. 1 ಮೆಗಾಓಮ್‌ಗಿಂತ ಕಡಿಮೆಯಾದರೆ ಚಾಲೂ ಮಾಡಬೇಡಿ. ಕಲೆಕ್ಟರನ್ನು ಬಾರಿನಿಂದ ಬಿಡಿಸಿಯೇ ಮೆಗ್ಗರ್ ಹಾಕಿ, ಇಲ್ಲವಾದರೆ ಕ್ರೇನಿನ ಡ್ರೈವ್ ಸುಡಬಹುದು.

ಕುಂಬಳೆ ಶೆಡ್: ಹ್ಯಾಂಗರ್ ಎಲ್ಲವೂ ಬಿಗಿ! ಸಡಿಲಿಸುತ್ತೇವೆ.