ಡೆಂಗಿ: ಪ್ಲೇಟ್‌ಲೆಟ್ ನೋಡುವ ಗಾಬರಿಯಲ್ಲಿ ಪಿಸಿವಿ ಬಿಟ್ಟುಬಿಡಬೇಡಿ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮಮ್ಮನಿಗೆ 52 ವರ್ಷ. ಜ್ವರ ಶುರುವಾಗಿ ಇವತ್ತಿಗೆ ಐದು ದಿನ. ಡೆಂಗಿ ಪತ್ತೆಯ ರಕ್ತಪರೀಕ್ಷೆ ಎನ್‌ಎಸ್1 ಪಾಸಿಟಿವ್ ಬಂದಿದೆ. ಪ್ಲೇಟ್‌ಲೆಟ್ ಮೊದಲ ದಿನ 1.90 ಲಕ್ಷ, ಮೂರನೇ ದಿನ 1.10 ಲಕ್ಷ, ಇವತ್ತು ಬೆಳಿಗ್ಗೆ 48 ಸಾವಿರ. ನಿನ್ನೆ ರಾತ್ರಿಯಿಂದ ಜ್ವರ ಬಿಟ್ಟಿದೆ, ಅದೊಂದು ಸಮಾಧಾನ. ಅಪ್ಪ ಮಾತ್ರ ಗಾಬರಿಯಾಗಿ ಪ್ಲೇಟ್‌ಲೆಟ್ ಕೊಡುವವರನ್ನು ಹುಡುಕುತ್ತಿದ್ದಾರೆ. ಹಾಕಿಸಬೇಕಾ? ಲಿವರ್ ಪರೀಕ್ಷೆಯಲ್ಲಿ ಎಎಸ್‌ಟಿ 180 ಇದೆ. ಹೊಟ್ಟೆ ನೋವು ಅಂತಿದ್ದಾರೆ, ಏನೂ ತಿನ್ನದೆ ಗ್ಯಾಸ್ ಆಗಿರಬೇಕು.

ವೈದ್ಯರು: ಮೂರೂ ರಿಪೋರ್ಟಿನಲ್ಲಿ ಪಿಸಿವಿ ಅಂತ ಒಂದು ಸಾಲಿರುತ್ತೆ, ಕೆಲವು ಲ್ಯಾಬಿನವರು ಹೆಮಟೋಕ್ರಿಟ್ ಅಂತ ಬರೀತಾರೆ. ಅದು ಎಷ್ಟೆಷ್ಟಿದೆ ಹೇಳಿ. ಬೆಳಗ್ಗಿಂದ ಮೂತ್ರ ಎಷ್ಟು ಸಲ ಹೋಗಿದೆ?

ಪ್ರಶ್ನೆ ಕೇಳಿದವರು: ಮೊದಲ ದಿನ 32, ಆಮೇಲೆ 34, ಇವತ್ತು 39. ಪಕ್ಕದಲ್ಲಿ ನಾರ್ಮಲ್ 36ರಿಂದ 46 ಅಂತಿದೆ. ಮೊದಲೆರಡು ರಿಪೋರ್ಟಿನಲ್ಲಿ ಸ್ಟಾರ್ ಗುರುತಿತ್ತು, ಇವತ್ತು ಹೋಗಿದೆ. ಅಮ್ಮನಿಗೆ ಮೊದಲಿಂದಲೂ ರಕ್ತ ಕಡಿಮೆ, ಈಗ ಸುಧಾರಿಸಿದೆ ಅಂದುಕೊಂಡ್ವಿ. ಮೂತ್ರ ಒಂದೇ ಸಲ.

ವೈದ್ಯರು: ಈಗಲೇ ಆಸ್ಪತ್ರೆಗೆ ಹೊರಡಿ. ಮೂರೂ ರಿಪೋರ್ಟ್ ಕೈಯಲ್ಲಿರಲಿ. "ಪಿಸಿವಿ 32ರಿಂದ 39ಕ್ಕೆ ಏರಿದೆ, ಹೊಟ್ಟೆ ನೋವಿದೆ, ಮೂತ್ರ ಕಡಿಮೆ" ಅಂತ ಹೋದ ಕೂಡಲೇ ಹೇಳಿ. ಕಾರಣ ಕೆಳಗೆ ಬರೀತೀನಿ, ದಾರಿಯಲ್ಲಿ ಓದಿ.

ಪಿಸಿವಿ ಅಂದರೆ ನೂರು ಭಾಗ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅನ್ನೋ ಲೆಕ್ಕ. ಡೆಂಗಿಯಲ್ಲಿ ಸಣ್ಣ ರಕ್ತನಾಳಗಳು ಸೋರುತ್ತವೆ. ರಕ್ತದ ನೀರಿನಂಶ ಹೊಟ್ಟೆಯೊಳಕ್ಕೆ, ಶ್ವಾಸಕೋಶದ ಸುತ್ತ ಇಳಿದುಹೋಗುತ್ತೆ. ಒಲೆ ಮೇಲೆ ಮರೆತ ಸಾರು ಗಟ್ಟಿಯಾಗುತ್ತಲ್ಲ, ಹಾಗೆ. ಬೇಳೆ ಹೆಚ್ಚಿರೋದಿಲ್ಲ, ನೀರು ಹೋಗಿರುತ್ತೆ. ನಿಮ್ಮಮ್ಮನ ರಕ್ತ ಸುಧಾರಿಸಿಲ್ಲ, ಗಟ್ಟಿಯಾಗಿದೆ.

ಮೊದಲಿದ್ದ ಮಟ್ಟಕ್ಕಿಂತ ಪಿಸಿವಿ ನೂರಕ್ಕೆ 20ರಷ್ಟು ಏರಿದರೆ ಸೋರಿಕೆ ಗಣನೀಯವಾಗಿದೆ ಎಂದು ಲೆಕ್ಕ. 32ರಿಂದ 39 ಅಂದರೆ ನೂರಕ್ಕೆ 22. ಲ್ಯಾಬಿನ ಯಂತ್ರಕ್ಕೆ ಇದು ಗೊತ್ತಾಗಲ್ಲ. ಅದು ಎಲ್ಲ ಹೆಂಗಸರಿಗೂ ಒಂದೇ ಅಳತೆಕೋಲು ಹಿಡಿದು, 36 ದಾಟಿತು ಅಂತ ಸ್ಟಾರ್ ತೆಗೆದುಬಿಟ್ಟಿದೆ. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಸಾಮಾನ್ಯ ಅಂತ ನಿಮಗೂ ಗೊತ್ತು. ಅಂಥವರಲ್ಲೇ ಅಪಾಯ 'ನಾರ್ಮಲ್' ಅನ್ನೋ ಹೆಸರಲ್ಲಿ ಅಡಗಿ ಕೂತಿರುತ್ತೆ. ಅದಕ್ಕೇ ಜ್ವರ ಬಂದ ಮೊದಲೆರಡು ದಿನದಲ್ಲೇ ಒಂದು ಸಿಬಿಸಿ (ಪಿಸಿವಿ, ಪ್ಲೇಟ್‌ಲೆಟ್ ಎಲ್ಲ ತಿಳಿಸುವ ರಕ್ತಕಣಗಳ ಪರೀಕ್ಷೆ) ಮಾಡಿಸಿ ಅಂತ ಗೋಗರೆಯೋದು. ಆ ಕಾಗದ ಇಲ್ಲದಿದ್ದರೆ 39 ಅನ್ನೋ ಅಂಕಿ ನನಗೂ ಅರ್ಥವಾಗುತ್ತಿರಲಿಲ್ಲ.

ಜ್ವರ ಬಿಟ್ಟ ಮಾತ್ರಕ್ಕೆ ಕಾಯಿಲೆ ಇಳಿಯಿತು ಅಂತಲ್ಲ. ಸೋರಿಕೆ ಜೋರಾಗೋದು ಜ್ವರ ಇಳಿಯುವ ಹೊತ್ತಿಗೇ, ಮುಂದಿನ 24ರಿಂದ 48 ಗಂಟೆ. ಬಿಡದ ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಲ್ಲಿ ಮೂಗಲ್ಲಿ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ, ಇವೆಲ್ಲ ವಿಶ್ವ ಆರೋಗ್ಯ ಸಂಸ್ಥೆಯ 2009ರ ಪಟ್ಟಿಯಲ್ಲಿರುವ ಎಚ್ಚರಿಕೆಯ ಲಕ್ಷಣಗಳು. ಪಿಸಿವಿ ಏರುತ್ತಾ ಪ್ಲೇಟ್‌ಲೆಟ್ ಸರ್ರನೆ ಇಳಿಯೋದೂ ಅದರಲ್ಲಿದೆ.

ಇನ್ನು ಪ್ಲೇಟ್‌ಲೆಟ್. ಕಾಯಿಲೆ ಯಾವ ಕಡೆ ಹೊರಟಿದೆ ಅಂತ ಅದು ತೋರಿಸುತ್ತೆ, ಆದರೆ ಅದನ್ನು ತುಂಬಿಸಿದರೆ ಸೋರಿಕೆ ನಿಲ್ಲಲ್ಲ. ಸಿಂಗಪುರ, ಮಲೇಷ್ಯಾದ ಆಸ್ಪತ್ರೆಗಳಲ್ಲಿ 20 ಸಾವಿರ ಅಥವಾ ಅದಕ್ಕೂ ಕಡಿಮೆ ಇದ್ದ ದೊಡ್ಡವರಲ್ಲಿ ಇದನ್ನೇ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಮುನ್ನೆಚ್ಚರಿಕೆಗೆಂದು ಪ್ಲೇಟ್‌ಲೆಟ್ ಹಾಕಿದವರಲ್ಲಿ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತು. ರಕ್ತಸ್ರಾವ ಇಲ್ಲದಿದ್ದರೆ 10 ಸಾವಿರಕ್ಕಿಂತ ಕೆಳಗಿಳಿಯೋವರೆಗೆ ಸಾಮಾನ್ಯವಾಗಿ ಹಾಕಲ್ಲ. ಅಪ್ಪನಿಗೆ ಫೋನ್ ಕೆಳಗಿಟ್ಟು ಗಾಡಿ ತೆಗೆಯೋಕೆ ಹೇಳಿ. ಅಮ್ಮನಿಗೆ ಈಗ ಬೇಕಿರೋದು ಅಳೆದು ಕೊಡುವ ಡ್ರಿಪ್, ಕೆಲವು ಗಂಟೆಗೊಮ್ಮೆ ಪಿಸಿವಿ.

ಎಎಸ್‌ಟಿ 180ಕ್ಕೆ ಹೆದರಬೇಡಿ, ಡೆಂಗಿಯಲ್ಲಿ ಅಷ್ಟು ಏರುತ್ತೆ. ಸಾವಿರ ಮುಟ್ಟಿದರೆ ತೀವ್ರ ಡೆಂಗಿ.

ಇನ್ನೊಬ್ಬರು: ಮೇಡಂ, ನಮ್ಮ ಮಾವನಿಗೆ ಒಂದೇ ದಿನ ಒಂದು ಲ್ಯಾಬಲ್ಲಿ 35 ಸಾವಿರ, ಇನ್ನೊಂದರಲ್ಲಿ 62 ಸಾವಿರ ಬಂತು. ಯಾವುದನ್ನು ನಂಬೋದು? ಪರಂಗಿ ಎಲೆ ರಸ ಕೊಡ್ತಿದ್ದೀವಿ.

ವೈದ್ಯರು: ಟ್ಯೂಬಿನಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡರೆ ಯಂತ್ರ ಕಡಿಮೆ ಎಣಿಸುತ್ತೆ. ಗಾಜಿನ ಸ್ಲೈಡ್ ಮೇಲೆ ರಕ್ತ ಹಚ್ಚಿ ಕಣ್ಣಲ್ಲೇ ನೋಡಿ ಹೇಳೋಕೆ ಕೇಳಿ. ಆಮೇಲಿಂದ ಒಂದೇ ಲ್ಯಾಬಿಗೆ ಹೋಗಿ, ಇಲ್ಲದಿದ್ದರೆ ಏರಿತೋ ಇಳಿಯಿತೋ ಗೊತ್ತಾಗಲ್ಲ. ಪರಂಗಿ ಎಲೆಯಿಂದ ಪ್ಲೇಟ್‌ಲೆಟ್ ಸ್ವಲ್ಪ ಏರುತ್ತೆ ಅಂತ ಕೆಲವು ಅಧ್ಯಯನಗಳಿವೆ, ಸೋರಿಕೆ ತಡೆಯುತ್ತೆ ಅಂತ ತೋರಿಸಿದ್ದು ನಾನು ಕಂಡಿಲ್ಲ. ನನ್ನ ಚಿಂತೆ ಬೇರೆ. ಆ ಕಹಿಗೆ ವಾಂತಿಯಾದರೆ, ಅದು ರಸದಿಂದಲೋ ಕಾಯಿಲೆಯಿಂದಲೋ ಹೇಗೆ ತಿಳಿಯೋದು? ಗಂಜಿ, ಎಳನೀರು, ಓಆರ್‌ಎಸ್ ಕೊಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ.

ಮತ್ತೊಬ್ಬರು: ಸಿಆರ್‌ಪಿ, ಫೆರಿಟಿನ್, ಡಿ-ಡೈಮರ್ ಅನ್ನೋ ರಕ್ತಪರೀಕ್ಷೆಗಳನ್ನೆಲ್ಲ ಸೇರಿಸಿ ಫೀವರ್ ಪ್ಯಾಕೇಜ್ ಇದೆಯಂತೆ. ಮಾಡಿಸಿದರೆ ಒಳ್ಳೇದಾ?

ವೈದ್ಯರು: ಎಲ್ಲರಿಗೂ ಬೇಡ. ಆ ದುಡ್ಡಲ್ಲಿ ದಿನಕ್ಕೊಂದು ಸಿಬಿಸಿ ಮಾಡಿಸಿ. ಸಿಆರ್‌ಪಿ ತುಂಬಾ ಏರಿದ್ದರೆ ಬ್ಯಾಕ್ಟೀರಿಯಾ ಸೋಂಕೂ ಇದೆಯಾ ಅಂತ ಯೋಚಿಸ್ತೀವಿ. ಜ್ವರ ವಾರ ಕಳೆದರೂ ಬಿಡದೆ, ರಕ್ತಕಣಗಳೆಲ್ಲ ಇಳಿಯುತ್ತಿದ್ದರೆ, ಮೈಯೊಳಗಿನ ಉರಿಯೂತ ಮಿತಿಮೀರಿದೆಯಾ ಅಂತ ಫೆರಿಟಿನ್ ನೋಡ್ತೀವಿ. ಅದನ್ನು ರೋಗಿಯ ಸ್ಥಿತಿ ನೋಡಿ ವೈದ್ಯರೇ ಬರೆದುಕೊಡಲಿ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ): ಮೇಡಂ, ಅಮ್ಮ ಇವತ್ತು ಮನೆಗೆ ಬಂದರು. ಸೇರಿಸಿದಾಗ ಪಿಸಿವಿ 41 ಆಗಿತ್ತು, ಸ್ಕ್ಯಾನಿಂಗಲ್ಲಿ ಹೊಟ್ಟೆಯಲ್ಲಿ ನೀರಿತ್ತು. ಪ್ಲೇಟ್‌ಲೆಟ್ 22 ಸಾವಿರಕ್ಕಿಳಿದರೂ ಅವರು ಹಾಕಲಿಲ್ಲ, ತಾನಾಗೇ ಏರಿತು. ಮೂರನೇ ದಿನ ಪಿಸಿವಿ 34 ಆದಾಗ ಡ್ರಿಪ್ ತೆಗೆದುಬಿಟ್ಟರು. ಅಮ್ಮ ಇನ್ನೂ ಸುಸ್ತಾಗಿದ್ದರು, ಒಂದೆರಡು ಬಾಟಲಿ ಹಾಕಿ ಅಂತ ಅಪ್ಪ ಜಗಳವನ್ನೇ ಆಡಿದರು.

ವೈದ್ಯರು: ಓದಿ ಮನಸ್ಸಿಗೆ ನೆಮ್ಮದಿಯಾಯ್ತು. ಡ್ರಿಪ್ ತೆಗೆದದ್ದು ಸರಿ. ಚೇತರಿಸುವಾಗ ಹೊಟ್ಟೆಗಿಳಿದ ನೀರೆಲ್ಲ ತಿರುಗಿ ರಕ್ತನಾಳಕ್ಕೆ ಬರುತ್ತೆ, ಪಿಸಿವಿ ಇಳಿಯುತ್ತೆ, ಮೂತ್ರ ಚೆನ್ನಾಗಿ ಹೋಗುತ್ತೆ. ಆಗಲೂ ಬಾಟಲಿ ಏರಿಸುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತೆ. ಪಿಸಿವಿ ಇಳಿಯುತ್ತಾ ನಾಡಿ ಓಡುತ್ತಿದ್ದರೆ, ಬಿಪಿ ಕುಸಿಯುತ್ತಿದ್ದರೆ ಮಾತ್ರ ಒಳಗೆಲ್ಲೋ ರಕ್ತ ಹೋಗ್ತಿದೆ ಅಂತ ಅರ್ಥ. ಅಮ್ಮನದು ಹಾಗಲ್ಲ.

ಒಂದು ಕೆಲಸ ಉಳಿದಿದೆ. ಅವರ ಮೊದಲಿನ 32 ಕೂಡ ಸರಿಯಿಲ್ಲ, ರಕ್ತ ಯಾಕೆ ಕಡಿಮೆ ಅಂತ ನೋಡಿಸಲೇಬೇಕು. ಕಬ್ಬಿಣಾಂಶ ತಿಳಿಯೋಕೆ ಫೆರಿಟಿನ್ ಬೇಕಾಗುತ್ತೆ, ಆದರೆ ಇಂಥ ಜ್ವರದ ಬೆನ್ನಿಗೇ ಮಾಡಿಸಿದರೆ ಅದು ಸುಳ್ಳೇ ಹೆಚ್ಚು ತೋರಿಸುತ್ತೆ. ಒಂದೂವರೆ ತಿಂಗಳು ಬಿಟ್ಟು ಸಿಬಿಸಿ, ಫೆರಿಟಿನ್ ಎರಡೂ ಮಾಡಿಸಿ ಇಲ್ಲೇ ಹಾಕಿ, ನೋಡೋಣ.